ಕೆಲಸ ಹುಡುಕುವ ದಿನಗಳಲ್ಲಿ ಒಂದೇ ರಾಕ್ ಆಲ್ಬಂ ಕೇಳುತ್ತಾ ಕೂರುವುದು ತಪ್ಪೇ?

ನೀವು ಬರೆದಿರುವುದು ಇಷ್ಟು: ಬಿ.ಕಾಂ. ಮುಗಿಸಿ ಹಾಸನದಲ್ಲೇ ಇದ್ದೀರಿ. ವರ್ಷದಿಂದ ಕೆಲಸ ಹುಡುಕುತ್ತಿದ್ದೀರಿ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ರಾಕ್ ತಂಡದ ‘ವಿಶ್ ಯು ವರ್ ಹಿಯರ್’ ಆಲ್ಬಂ ಅನ್ನು ದಿನಕ್ಕೊಮ್ಮೆಯಾದರೂ ಕೇಳದೆ ಇರಲಾಗುವುದಿಲ್ಲ. ಆ ಹುಚ್ಚು ಬಿಟ್ಟರೆ ಕೆಲಸ ತಾನಾಗಿ ಸಿಗುತ್ತದೆ ಎಂದು ಮನೆಯವರು ಹೇಳುತ್ತಾರೆ. ಸಂದರ್ಶನದಲ್ಲಿ ಹವ್ಯಾಸ ಯಾವುದೆಂದು ಕೇಳಿದರೆ ಇದನ್ನು ಹೇಳಬಹುದೇ, ಮುಚ್ಚಿಡಬೇಕೇ ಎಂಬುದು ನಿಮ್ಮ ಪ್ರಶ್ನೆ.

ಬಿಡಬೇಡಿ. ಕೇಳಿದರೆ ಅದನ್ನೇ ಹೇಳಿ. ಆದರೆ ‘ಸಂಗೀತ ಕೇಳುವುದು’ ಎಂದು ಎರಡು ಪದಗಳಲ್ಲಿ ಮುಗಿಸಬೇಡಿ.

ನಾನು ಹಾಸನದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗ ನೋಡಿಕೊಳ್ಳುತ್ತೇನೆ. ಹೊಸಬರನ್ನು ಆರಿಸುವಾಗ ಮೇಜಿನ ಈ ಕಡೆ ಕೂರುವವರಲ್ಲಿ ನಾನೂ ಒಬ್ಬ. ಅಭ್ಯರ್ಥಿಯ ಅಂಕಪಟ್ಟಿ ನಮ್ಮ ಕಣ್ಣೆದುರೇ ಇರುತ್ತದೆ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಬರುತ್ತದೆಯೋ ಇಲ್ಲವೋ ಎಂಬುದು ಕಂಪ್ಯೂಟರ್ ಮುಂದೆ ಕೂರಿಸಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅಷ್ಟಾದರೂ ತಿಳಿಯದೆ ಉಳಿಯುವುದು ಒಂದೇ: ಈ ಹುಡುಗ ಅಥವಾ ಹುಡುಗಿ ಯಾವುದಾದರೂ ಒಂದು ವಿಷಯವನ್ನು ಬೇಸರವಿಲ್ಲದೆ ಕೊನೆತನಕ ಗಮನವಿಟ್ಟು ನೋಡಬಲ್ಲರೇ? ಹವ್ಯಾಸದ ಪ್ರಶ್ನೆಯನ್ನು ನಾನು ಕೇಳುವುದು ಅದಕ್ಕಾಗಿ. ಬಹುತೇಕರು ‘ಓದುವುದು, ಕ್ರಿಕೆಟ್, ಸಂಗೀತ’ ಎನ್ನುತ್ತಾರೆ. ಏನು ಓದಿದ್ದೀರಿ ಎಂದರೆ ಮಾತು ನಿಂತುಹೋಗುತ್ತದೆ.

ಅರಕಲಗೂಡು ಕಡೆಯ ಒಬ್ಬ ಹುಡುಗ ನಮ್ಮ ಸ್ಟೋರ್ಸ್ ವಿಭಾಗದ ಕೆಲಸಕ್ಕೆ ಬಂದಿದ್ದ. ಹಳ್ಳಿಗಳಲ್ಲಿ ಆಡುವ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತೇನೆ ಎಂದ. ನಮ್ಮ ಜಿಲ್ಲೆಯಲ್ಲಿ ಅದು ಹೊಸದೇನಲ್ಲ, ಕುರುಕ್ಷೇತ್ರ ಆಡದ ಊರು ಕಡಿಮೆ. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಪಾತ್ರ ಮಾಡುವವರು ಹಗಲು ಹೊಲ ಗದ್ದೆಯಲ್ಲಿ ದುಡಿಯುವವರು, ಕೃಷ್ಣನ ಪಾತ್ರಧಾರಿಗೆ ಒಂದು ಶ್ರುತಿ ಕೂಡಿದರೆ ದುರ್ಯೋಧನನಿಗೆ ಬೇರೆಯೇ ಬೇಕು, ಒಬ್ಬರ ಕಂದಪದ್ಯ ಮುಗಿದು ಇನ್ನೊಬ್ಬರು ಬಾಯಿ ತೆರೆಯುವ ಮೊದಲು ಬೆರಳು ಹೊಸ ಮನೆಗೆ ಹೋಗಿರಬೇಕು, ಯಾರ ಗಂಟಲು ನಡುರಾತ್ರಿಯ ಮೇಲೆ ಇಳಿಯುತ್ತದೆ ಎಂಬುದು ಮೊದಲೇ ಗೊತ್ತಿರಬೇಕು ಎಂದೆಲ್ಲ ವಿವರಿಸಿದ. ನಾವು ಮೂವರೂ ಮುಂದಿನ ಅಭ್ಯರ್ಥಿ ಹೊರಗೆ ಕಾಯುತ್ತಿರುವುದನ್ನು ಮರೆತು ಕೇಳಿದೆವು. ಕೆಲಸ ಅವನಿಗೇ ಆಯಿತು. ಸರಕು ಎಣಿಸಲು ಹಾರ್ಮೋನಿಯಂ ಬೇಕಿಲ್ಲ ನಿಜ, ಆದರೆ ಅಷ್ಟು ಕಿವಿಗೊಟ್ಟು ಇರುವವನು ದಾಸ್ತಾನು ಪುಸ್ತಕವನ್ನೂ ಹಾಗೆಯೇ ನೋಡುತ್ತಾನೆ ಎಂದು ನಮಗೆ ಅನ್ನಿಸಿತು. ಹಾಗೆಯೇ ನೋಡುತ್ತಿದ್ದಾನೆ ಕೂಡ.

ನಿಮ್ಮ ಕೈಯಲ್ಲಿರುವ ಆಲ್ಬಂನಲ್ಲಿ ಹೀಗೆ ಹೇಳುವುದಕ್ಕೆ ಬೇಕಾದಷ್ಟಿದೆ. ನಾನು ಅದನ್ನು ಕ್ಯಾಸೆಟ್‌ನಲ್ಲಿ ಕೇಳಿ ಬೆಳೆದವನು. ಇಂದಿಗೂ ನನಗೆ ಅದರ ಮೇಲಿನ ಪ್ರೀತಿ ಒಂದಿಷ್ಟೂ ತಗ್ಗಿಲ್ಲ. ಮೊದಲ ಹಾಡು ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಅನ್ನೇ ತೆಗೆದುಕೊಳ್ಳಿ. ಒಂಬತ್ತು ಭಾಗಗಳ ರಚನೆ. ಐದು ಭಾಗ ಆಲ್ಬಂನ ಆರಂಭದಲ್ಲಿ, ಉಳಿದ ನಾಲ್ಕು ಕೊನೆಯಲ್ಲಿ. ಹಾಡುವ ದನಿ ಕೇಳಿಸುವಷ್ಟರಲ್ಲಿ ಎಂಟು ನಿಮಿಷ ದಾಟಿರುತ್ತದೆ. ಅದಕ್ಕೂ ಮೊದಲು ಡೇವಿಡ್ ಗಿಲ್ಮೋರ್ ಗಿಟಾರಿನಲ್ಲಿ ನಾಲ್ಕೇ ನಾಲ್ಕು ಸ್ವರ ನುಡಿಸುತ್ತಾರೆ. 1974ರ ತಾಲೀಮಿನಲ್ಲಿ ಅವರ ಬೆರಳಿಗೆ ಅಕಸ್ಮಾತ್ತಾಗಿ ಸಿಕ್ಕ ಆ ನಾಲ್ಕು ಸ್ವರಗಳನ್ನು ಕೇಳಿ ತಂಡಕ್ಕೆ ಹಾಡು ಬರೆಯುತ್ತಿದ್ದ ರೋಜರ್ ವಾಟರ್ಸ್‌ಗೆ ಸಿಡ್ ಬ್ಯಾರೆಟ್ ನೆನಪಾದರು. ಬ್ಯಾರೆಟ್ ತಂಡವನ್ನು ಕಟ್ಟಿದವರಲ್ಲಿ ಮುಖ್ಯರು; ಮನಸ್ಸಿನ ಸ್ವಾಸ್ಥ್ಯ ಕೆಟ್ಟು 1968ರಲ್ಲಿ ತಂಡದಿಂದ ದೂರವಾಗಿದ್ದರು. ಅವರಿಗಾಗಿ ಬರೆದ ಈ ಹಾಡಿನ ಕೆಲಸ ನಡೆಯುತ್ತಿದ್ದಾಗಲೇ, 1975ರ ಜೂನ್‌ನಲ್ಲಿ, ಅವರು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಗೆ ಬಂದರು. ತಲೆ, ಹುಬ್ಬು ಬೋಳಿಸಿಕೊಂಡು, ಮೈ ತುಂಬಿಕೊಂಡಿದ್ದ ಆ ಮನುಷ್ಯ ಯಾರೆಂದು ಹಳೆಯ ಗೆಳೆಯರಿಗೇ ಮೊದಲು ಗುರುತು ಸಿಗಲಿಲ್ಲ. ಕೊನೆಯ ಭಾಗದಲ್ಲಿ ಸಂಗೀತ ಕರಗುತ್ತಾ ಹೋಗುವಾಗ ರಿಚರ್ಡ್ ರೈಟ್ ಕೀಬೋರ್ಡಿನಲ್ಲಿ ಬ್ಯಾರೆಟ್ ಅವರ 1967ರ ‘ಸೀ ಎಮಿಲಿ ಪ್ಲೇ’ ಹಾಡಿನ ಒಂದು ಎಳೆಯನ್ನು ನುಡಿಸಿ ಸುಮ್ಮನಾಗುತ್ತಾರೆ. ದಿನವೂ ಕೇಳುವ ನಿಮ್ಮ ಕಿವಿಗೆ ಅದು ಬಿದ್ದಿದೆಯೇ? ಬೀಳದಿದ್ದರೆ ಇಂದು ರಾತ್ರಿ ದನಿ ಏರಿಸಿ ಕೇಳಿ.

ನಿಮ್ಮ ಈಗಿನ ಸ್ಥಿತಿಗೆ ಹತ್ತಿರವಾದ ಇನ್ನೊಂದು ಸಂಗತಿ ಇದೆ. 1973ರಲ್ಲಿ ಇದೇ ತಂಡದ ಹಿಂದಿನ ಆಲ್ಬಂ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಜಗತ್ತಿನಾದ್ಯಂತ ಗೆದ್ದ ಮೇಲೆ ತಂಡಕ್ಕೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ವಾದ್ಯಗಳನ್ನೆಲ್ಲ ಬದಿಗಿಟ್ಟು, ರಬ್ಬರ್ ಬ್ಯಾಂಡು, ಗಾಜಿನ ಲೋಟದಂಥ ಮನೆಬಳಕೆಯ ವಸ್ತುಗಳಿಂದಲೇ ಒಂದು ಆಲ್ಬಂ ಮಾಡಲು ಹೊರಟು, ಅದನ್ನು ಅರ್ಧಕ್ಕೇ ಕೈಬಿಟ್ಟರು. ನೀರು ತುಂಬಿದ ಲೋಟದ ಅಂಚನ್ನು ಬೆರಳಿನಿಂದ ಉಜ್ಜಿ ಹೊರಡಿಸಿದ ನಾದ ಮಾತ್ರ ಉಳಿಯಿತು. ‘ಶೈನ್ ಆನ್’ ಹಾಡಿನ ಆರಂಭದಲ್ಲಿ ಮಂಜಿನಂತೆ ಹರಡಿಕೊಳ್ಳುವ ದನಿಯೊಳಗೆ ಅದು ಸೇರಿದೆ. ಕಳೆದ ವರ್ಷ ನೀವು ಕಲಿತು ಅರ್ಧಕ್ಕೆ ಬಿಟ್ಟ ಕೋರ್ಸು, ಬರೆದು ಪಾಸಾಗದ ಪರೀಕ್ಷೆ ಇವುಗಳ ಲೆಕ್ಕ ನೋಡುವಾಗ ಈ ಲೋಟದ ನಾದವನ್ನು ಜ್ಞಾಪಿಸಿಕೊಳ್ಳಿ ಎಂದು ನಾನು ಮನಸಾರೆ ಹೇಳುತ್ತೇನೆ.

ಹೊದಿಕೆಯ ಚಿತ್ರವನ್ನು ಗಮನಿಸಿಯೇ ಇರುತ್ತೀರಿ: ಸೂಟು ತೊಟ್ಟ ಇಬ್ಬರು ಕೈಕುಲುಕುತ್ತಿದ್ದಾರೆ, ಒಬ್ಬನ ಮೈಗೆ ಬೆಂಕಿ ಹತ್ತಿದೆ. ಅದು ನಿಜವಾದ ಬೆಂಕಿ. ಅಮೆರಿಕದ ಬರ್ಬ್ಯಾಂಕ್‌ನ ವಾರ್ನರ್ ಬ್ರದರ್ಸ್ ಸ್ಟುಡಿಯೋ ಅಂಗಳದಲ್ಲಿ ರಾನಿ ರಾಂಡೆಲ್ ಎಂಬ ಸಾಹಸ ಕಲಾವಿದ ಒಳಗೆ ಬೆಂಕಿ ತಡೆಯುವ ಉಡುಪು ತೊಟ್ಟು ನಿಂತರು. ಗಾಳಿ ತಿರುಗಿ ಅವರ ಮೀಸೆ ಸುಟ್ಟಿತು. ಸಂದರ್ಶನದಿಂದ ಹೊರಬಂದು ಈ ಚಿತ್ರವನ್ನು ನೋಡಿದರೆ ಅದು ಬೇರೆಯದೇ ಆಗಿ ಕಾಣುತ್ತದೆ. ‘ಹ್ಯಾವ್ ಎ ಸಿಗಾರ್’ ಹಾಡು ಕೂಡ ಇದೇ ಕೈಕುಲುಕುವ ಜನರ ಕುರಿತದ್ದು. ತಂಡದ ಹೆಸರು ಪಿಂಕ್ ಆ್ಯಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಬ್ಲೂಸ್ ಗಾಯಕರಿಂದ ಬಂದದ್ದು. ಅದನ್ನು ಅರಿಯದ ರೆಕಾರ್ಡ್ ಕಂಪನಿಯ ದೊಡ್ಡವರು, ನಿಮ್ಮಲ್ಲಿ ಪಿಂಕ್ ಯಾರು ಎಂದು ಕೇಳುತ್ತಿದ್ದರಂತೆ. ನಿಮ್ಮ ಅರ್ಜಿಯನ್ನು ಓದದೆ ಪ್ರಶ್ನೆ ಕೇಳುವವರು ನಿಮಗೂ ಸಿಕ್ಕಿರುತ್ತಾರೆ, ಇನ್ನೂ ಸಿಗುತ್ತಾರೆ. ಅದು ನಿಮ್ಮ ಯೋಗ್ಯತೆಯ ತೀರ್ಪು ಖಂಡಿತ ಆಗಲಾರದು.

ಒಂದು ಮಾತನ್ನು ಮಾತ್ರ ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ಸಂದರ್ಶನಕ್ಕೆ ಬೆಂಗಳೂರಿಗೆ ಹೊರಡುವ ಬೆಳಿಗ್ಗೆ ‘ವೆಲ್‌ಕಮ್ ಟು ದಿ ಮಷೀನ್’ ಕೇಳಬೇಡಿ. ಅದ್ಭುತವಾದ ಹಾಡು, ಆದರೆ ಮನುಷ್ಯನನ್ನು ನುಂಗುವ ಯಂತ್ರದ ಹಾಡು. ಅದನ್ನು ಕಿವಿಯಲ್ಲಿ ತುಂಬಿಕೊಂಡು ಕಂಪನಿಯ ಬಾಗಿಲು ತಟ್ಟಬಾರದು. ಹಿಂದಿರುಗುವಾಗ ಇಡೀ ಆಲ್ಬಂ ಕೇಳಿ. ನಲವತ್ತನಾಲ್ಕು ನಿಮಿಷ, ಚನ್ನರಾಯಪಟ್ಟಣ ದಾಟಿದ ಮೇಲೆ ಹಚ್ಚಿದರೆ ಬಸ್ಸು ಹಾಸನ ಸೇರುವ ಹೊತ್ತಿಗೆ ಮುಗಿಯುತ್ತದೆ.

ಮನೆಯವರ ವಿಷಯ. ತಂದೆ ತಾಯಿಗೆ ಬೇಸರವಾಗಿರುವುದು ಆ ಸಂಗೀತದಿಂದ ಎಂದು ನನಗೆ ಅನ್ನಿಸುವುದಿಲ್ಲ. ಬಾಗಿಲು ಹಾಕಿಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರುವ ಮಗನನ್ನು ನೋಡಿ ಅವರಿಗೆ ಹೆದರಿಕೆಯಾಗುತ್ತದೆ. ಆಲ್ಬಂನ ಹೆಸರನ್ನೇ ಹೊತ್ತ ನಾಲ್ಕನೆಯ ಹಾಡನ್ನು ಒಂದು ಸಂಜೆ ನಡುಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಹಾಕಿ. ಶುರುವಿನಲ್ಲಿ ರೇಡಿಯೋ ತಿರುಗಿಸುತ್ತಾ ನಿಲ್ದಾಣ ಹುಡುಕುವ ಸದ್ದು ಬರುತ್ತದೆ, ಆಮೇಲೆ ಆ ರೇಡಿಯೋದೊಳಗಿಂದ ಬಂದಂತೆ ಒಂದು ಗಿಟಾರ್, ಅದಕ್ಕೆ ಜೊತೆಯಾಗಿ ಇನ್ನೊಂದು. ರೇಡಿಯೋ ತಿರುಗಿಸಿದ ತಲೆಮಾರಿನವರಿಗೆ ಅದು ಅರ್ಥವಾಗುತ್ತದೆ. ದೂರವಾದ ಗೆಳೆಯನಿಗಾಗಿ ಹಾಡಿದ್ದು ಎಂದು ಹೇಳಿ, ಅಷ್ಟು ಸಾಕು.

ಇನ್ನು ಹುಡುಕಾಟ. ಹಾಸನದಲ್ಲಿ ಕೆಲಸವೆಂದರೆ ಎಲ್ಲರ ಬಾಯಲ್ಲಿ ಮೊದಲು ಬರುವುದು ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೊ ಉಪಗ್ರಹಗಳನ್ನು 1982ರಿಂದ ನಿಯಂತ್ರಿಸುತ್ತಿರುವ ಕೇಂದ್ರ. ಅದರ ಅಧಿಸೂಚನೆ ಬಂದರೆ ಅರ್ಜಿ ಹಾಕಿ, ಆದರೆ ಅದೊಂದನ್ನೇ ಕಾಯುತ್ತಾ ಕೂರಬೇಡಿ. ಬಿ.ಕಾಂ. ಓದಿದವರಿಗೆ ಊರಿನ ಆಡಿಟರ್ ಕಚೇರಿಗಳೇ ಒಳ್ಳೆಯ ಪಾಠಶಾಲೆ. ಸಂಬಳ ಕಡಿಮೆ, ನಿಜ. ಒಂದು ವರ್ಷ ಅಲ್ಲಿ ದುಡಿದವರ ಅರ್ಜಿ ಬಂದರೆ ನಾನು ಮೊದಲು ಅದನ್ನೇ ತೆರೆಯುತ್ತೇನೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಎಪಿಎಂಸಿ ಪ್ರಾಂಗಣಕ್ಕೆ ಬರುವಾಗ ಬಿಲ್ಲು ಬರೆಯಲು, ಲಾರಿ ಲೆಕ್ಕ ಇಡಲು ಮಂಡಿಗಳಿಗೆ ಜನ ಬೇಕಾಗುತ್ತಾರೆ; ಕೆಲವೇ ವಾರಗಳ ಕೆಲಸವಾದರೂ ಅರ್ಜಿಯಲ್ಲಿ ಬರೆಯಲು ಅನುಭವವೆಂದು ಒಂದು ಸಾಲು ಸಿಗುತ್ತದೆ. ಯುವನಿಧಿಗೆ ನೀವು ಅರ್ಹರಾಗಿದ್ದರೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಿ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಬೆಂಗಳೂರಿಗೆ ಹೋಗಿಬರುವ ಖರ್ಚಿಗಾಗುತ್ತದೆ. ಕೆಲಸ ಕೊಡಿಸುತ್ತೇನೆಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆಡಿಟರ್ ಕಚೇರಿಗೆ ಹೋಗುವ ದಿನವನ್ನೂ ಲೆಕ್ಕ ಹಾಕಿ ಹೋಗಿ. ತಿಂಗಳ 11ರೊಳಗೆ ಜಿಎಸ್‌ಟಿ ತೆರಿಗೆಯ ಜಿಎಸ್‌ಟಿಆರ್-1 ವಿವರಪಟ್ಟಿ, 20ರೊಳಗೆ 3ಬಿ ವಿವರಪಟ್ಟಿ ಸಲ್ಲಿಸಬೇಕು. ಆ ದಿನಗಳಲ್ಲಿ ಅಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. 22, 23ರ ಸುಮಾರಿಗೆ, ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ. ಅರ್ಜಿ ಒಂದೇ ಪುಟದಲ್ಲಿರಲಿ, ಹವ್ಯಾಸದ ಜಾಗದಲ್ಲಿ ಆಲ್ಬಂನ ಹೆಸರನ್ನು ಪೂರ್ತಿಯಾಗಿ ಬರೆಯಿರಿ.