ಪೋರ್ಟಲ್‌ನಲ್ಲಿ 50, ಸೈಟ್‌ನಲ್ಲಿ ಇನ್ನೂ 20

ಪ್ರಶ್ನೆ: ಮೇಡಂ, ನಮ್ಮ ವೆಬ್ ಆ್ಯಪ್ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿದೆ. ಸೆಟ್ಟಿಂಗ್ಸ್ ಎಲ್ಲ ಮೊದಲು ಜೇಸನ್ ಫೈಲಿನಲ್ಲಿದ್ದವು. ಈಗ ಅಜೂರ್ ಆ್ಯಪ್ ಕಾನ್ಫಿಗರೇಶನ್‌ಗೆ (ಸೆಟ್ಟಿಂಗ್ಸ್ ಎಲ್ಲ ಕೋಡ್‌ನ ಹೊರಗೆ ಒಂದೇ ಕಡೆ ಇಡುವ ಮೈಕ್ರೋಸಾಫ್ಟ್ ಸರ್ವೀಸ್) ಹಾಕಿದ್ದೇವೆ. ಒಂದು ಪುಟದಲ್ಲಿ ಎಷ್ಟು ಸಾಲು ತೋರಿಸಬೇಕು ಅನ್ನುವ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ 20ರಿಂದ 50ಕ್ಕೆ ಬದಲಾಯಿಸಿದೆ. ಸೈಟ್‌ನಲ್ಲಿ ಇನ್ನೂ 20 ಬರುತ್ತಿದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಹಾಗಾದರೆ ಈ ಸರ್ವೀಸ್ ಯಾಕೆ ಬೇಕು? ಡೇಟಾಬೇಸ್ ಪಾಸ್‌ವರ್ಡನ್ನೂ ಅಲ್ಲೇ ಇಡಬಹುದಾ? ಸದ್ಯ ಫ್ರೀ ಪ್ಲಾನ್‌ನಲ್ಲಿದ್ದೇವೆ, ಅದು ಸಾಕಾ?
— ಹೆಸರು ಬೇಡ ಎಂದ ಓದುಗರು

ಉತ್ತರ: ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಕನೆಕ್ಷನ್ ಸರಿ ಇದೆ, ಪರ್ಮಿಷನ್ ಸರಿ ಇದೆ, ಕೀ, ಅಂದರೆ ಸೆಟ್ಟಿಂಗ್‌ನ ಹೆಸರೂ ಸರಿ ಇದೆ. ನಿಮ್ಮ ಆ್ಯಪ್ ಶುರುವಾಗುವಾಗ ಒಮ್ಮೆ ಎಲ್ಲ ಓದಿಕೊಂಡು, ಆಮೇಲೆ ಆ ಕಡೆ ತಿರುಗಿಯೂ ನೋಡುತ್ತಿಲ್ಲ. ಪೋರ್ಟಲ್‌ನಲ್ಲಿ ಸೇವ್ ಒತ್ತಿದರೆ ಹೊಸ ವ್ಯಾಲ್ಯೂ ತಾನಾಗಿ ಬಂದು ಬೀಳುವುದಿಲ್ಲ. ಆ್ಯಪ್ಪೇ ಹೋಗಿ ಕೇಳಬೇಕು.

ಅದಕ್ಕೆ ಕೋಡ್‌ನಲ್ಲಿ 'ಕಾನ್ಫಿಗರ್ ರಿಫ್ರೆಶ್' ಬರೆದು, 'ಯೂಸ್ ಅಜೂರ್ ಆ್ಯಪ್ ಕಾನ್ಫಿಗರೇಶನ್' ಅನ್ನುವ ಮಿಡಲ್‌ವೇರ್ (ಪ್ರತಿ ರಿಕ್ವೆಸ್ಟ್ ಹಾದುಹೋಗುವ ಕೋಡ್) ಸೇರಿಸಿ. ಮೊದಲನೆಯದನ್ನು ಬರೆದು ಎರಡನೆಯದನ್ನು ಮರೆಯುವವರೇ ಜಾಸ್ತಿ. ಎರಡೂ ಇದ್ದರೆ, ಸೈಟ್‌ಗೆ ರಿಕ್ವೆಸ್ಟ್ ಬಂದಾಗ ಆ್ಯಪ್ ಗಡಿಯಾರ ನೋಡಿಕೊಳ್ಳುತ್ತದೆ. ಹಿಂದಿನ ಸಲ ಕೇಳಿ 30 ಸೆಕೆಂಡ್ ಆಗಿದ್ದರೆ ಮತ್ತೆ ಕೇಳುತ್ತದೆ. ನಾವೇ ಬದಲಾಯಿಸದಿದ್ದರೆ ಗಡುವು ಇಷ್ಟೇ. ಆದರೆ ಆ ರಿಕ್ವೆಸ್ಟ್ ಉತ್ತರಕ್ಕಾಗಿ ಕಾಯುತ್ತಾ ನಿಲ್ಲುವುದಿಲ್ಲ. ಅದಕ್ಕೆ ಹಳೆಯ 20 ಸಿಗಬಹುದು, ಆಮೇಲೆ ಬಂದವರಿಗೆ 50. ಟೆಸ್ಟ್ ಮಾಡುವವರು ಒಂದೇ ಸಲ ಪುಟ ತೆರೆದು 'ಬಗ್ ಹೋಗಿಲ್ಲ' ಅಂತ ಬರೆದು ಕಳಿಸುವುದು ಇದಕ್ಕೇ. ಇನ್ನೊಂದು ಸಲ ತೆರೆಯಲು ಹೇಳಿ.

ಇಷ್ಟಾದರೂ 20 ಬಂದರೆ ಕಂಟ್ರೋಲರ್ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕೋಡ್) ತೆರೆದು ನೋಡಿ. 'ಐ-ಆಪ್ಷನ್ಸ್' ಅಂತ ಇದೆಯಾ? ಅದು ಮೊದಲು ಓದಿದ್ದನ್ನೇ ಕೊನೆಯವರೆಗೂ ಹಿಡಿದುಕೊಂಡಿರುತ್ತದೆ. ಅದರ ಜಾಗಕ್ಕೆ 'ಐ-ಆಪ್ಷನ್ಸ್-ಸ್ನ್ಯಾಪ್‌ಶಾಟ್' ಹಾಕಿ, ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಓದುತ್ತದೆ. ಆ್ಯಪ್ ಓಡುವಷ್ಟು ಹೊತ್ತೂ ಒಂದೇ ಪ್ರತಿ ಇರುವ ಸಿಂಗಲ್‌ಟನ್ ಸರ್ವೀಸ್ ಒಳಗೆ ಅದು ನಡೆಯುವುದಿಲ್ಲ, ಅಲ್ಲಿ 'ಐ-ಆಪ್ಷನ್ಸ್-ಮಾನಿಟರ್' ಬೇಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೇ ಕೀಗೆ ಎರಡು ಕಡೆ ವ್ಯಾಲ್ಯೂ ಇದ್ದರೆ ಕೊನೆಗೆ ಸೇರಿಸಿದ್ದೇ ಗೆಲ್ಲುತ್ತದೆ. ಸಾಮಾನ್ಯವಾಗಿ ಎಲ್ಲರೂ ಆ್ಯಪ್ ಕಾನ್ಫಿಗರೇಶನ್‌ ಅನ್ನು ಕೊನೆಗೇ ಸೇರಿಸಿರುತ್ತಾರೆ. ನಡುರಾತ್ರಿ ಏನೋ ಕೆಟ್ಟಿತು ಅಂತ ಸರ್ವರ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ (ಆ ಸರ್ವರ್‌ನಲ್ಲೇ ಇಡುವ ಸೆಟ್ಟಿಂಗ್) ಬದಲಾಯಿಸಿದರೆ, ಆ್ಯಪ್ ಅದನ್ನು ಕ್ಯಾರೇ ಅನ್ನುವುದಿಲ್ಲ. ಯಾರ ಮಾತು ಮೇಲು ಅನ್ನುವುದನ್ನು ಡಿಪ್ಲಾಯ್ ಮಾಡುವ ಮೊದಲೇ ತೀರ್ಮಾನಿಸಿ, ಸಾಲುಗಳನ್ನು ಆ ಕ್ರಮದಲ್ಲಿ ಬರೆಯಿರಿ. ಒಂದೇ ಕೀಗೆ ಟೆಸ್ಟ್‌ಗೊಂದು, ಪ್ರೊಡಕ್ಷನ್‌ಗೊಂದು ವ್ಯಾಲ್ಯೂ ಇಡಲು ಹಚ್ಚುವ ಲೇಬಲ್‌ನಲ್ಲೂ ಹುಷಾರು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಅಲ್ಲಿ ಬೇರೆ ಬೇರೆ ಲೆಕ್ಕ. 'ಪ್ರೊಡಕ್ಷನ್' ಲೇಬಲ್‌ನ ಮೊದಲ ಅಕ್ಷರ ತಪ್ಪಿದರೆ ಎರರ್ ಬರುವುದಿಲ್ಲ, ಸುಮ್ನೆ ಏನೂ ಸಿಗುವುದಿಲ್ಲ.

ಪಾಸ್‌ವರ್ಡ್ ಅಲ್ಲಿಡಬೇಡಿ. ಅದರ ಜಾಗ ಕೀ ವಾಲ್ಟ್, ಗುಟ್ಟಿನ ಮಾಹಿತಿ ಇಡಲೆಂದೇ ಇರುವ ಅಜೂರ್ ಸರ್ವೀಸ್. ಆ್ಯಪ್ ಕಾನ್ಫಿಗರೇಶನ್‌ನಲ್ಲಿ ಅದರ ವಿಳಾಸ ಮಾತ್ರ ಇರಲಿ. ಆ ವಿಳಾಸ ಹಿಡಿದು ವಾಲ್ಟ್‌ಗೆ ಹೋಗುವುದು ನಿಮ್ಮ ಆ್ಯಪ್ಪೇ. ಹಾಗಾಗಿ ಆ್ಯಪ್‌ನ ಮ್ಯಾನೇಜ್ಡ್ ಐಡೆಂಟಿಟಿಗೆ (ಅಜೂರ್ ಆ್ಯಪ್‌ಗೆ ಕೊಡುವ ಗುರುತು) ಎರಡೂ ಕಡೆ ಓದುವ ಅನುಮತಿ ಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿ ಸರ್ವರ್‌ನಲ್ಲಿ 403 (ಅನುಮತಿ ಇಲ್ಲ ಅನ್ನುವ ಎರರ್) ಬಂದರೆ ಮೊದಲು ಇದನ್ನೇ ನೋಡಿ.

ಫ್ರೀ ಪ್ಲಾನ್ ಸಾಕಾ? ಲೆಕ್ಕ ಹಾಕಿ. ಅಲ್ಲಿ ಆ್ಯಪ್ ಕಾನ್ಫಿಗರೇಶನ್‌ಗೆ ದಿನಕ್ಕೆ 1000 ರಿಕ್ವೆಸ್ಟ್ ಮಿತಿ. ಸೈಟ್‌ಗೆ ಸದಾ ಜನ ಬರುತ್ತಿದ್ದು, 30 ಸೆಕೆಂಡಿಗೊಮ್ಮೆ ಒಂದೇ ಕೀ ಕೇಳಿದರೂ ದಿನಕ್ಕೆ 2880 ಆಯಿತು. ಅದೂ ಒಂದೇ ಇನ್‌ಸ್ಟನ್ಸ್‌ಗೆ, ಅಂದರೆ ಓಡುತ್ತಿರುವ ಆ್ಯಪ್‌ನ ಒಂದೇ ಪ್ರತಿಗೆ. ಮಧ್ಯಾಹ್ನದ ಹೊತ್ತಿಗೆ 429 (ಮಿತಿ ಮೀರಿತು ಅನ್ನುವ ಎರರ್) ಬರಲು ಶುರುವಾಗುತ್ತದೆ. ಪುಟದ ಸಾಲಿನ ಸಂಖ್ಯೆ ಅರ್ಧ ನಿಮಿಷದಲ್ಲಿ ಬದಲಾಗಲೇಬೇಕಾ? ಗಡುವನ್ನು 5 ನಿಮಿಷ ಮಾಡಿ, 288ಕ್ಕೆ ಇಳಿಯುತ್ತದೆ. ಎಲ್ಲ ಕೀಗಳನ್ನೂ ಒಂದೊಂದಾಗಿ ಕಾಯುವುದೂ ಬೇಡ. 'ಸೆಂಟಿನೆಲ್' ಅಂತ ಒಂದು ಕೀ ಇಟ್ಟುಕೊಳ್ಳಿ. ಆ್ಯಪ್ ಅದೊಂದನ್ನೇ ಗಮನಿಸಲಿ, ಅದು ಬದಲಾದರೆ ಎಲ್ಲವನ್ನೂ ಮತ್ತೆ ಓದಲಿ. ಬೇರೆ ಕೀಗಳನ್ನೆಲ್ಲ ತಿದ್ದಿ ಮುಗಿಸಿದ ಮೇಲೆ ಕೊನೆಗೆ ಸೆಂಟಿನೆಲ್ ಮುಟ್ಟಿ. ಇಲ್ಲದಿದ್ದರೆ ಅರ್ಧ ಹೊಸದು, ಅರ್ಧ ಹಳೆಯದು ಸೇರಿ ಆ್ಯಪ್ ಎಡವಟ್ಟಾಗುತ್ತದೆ.

ತಪ್ಪು ವ್ಯಾಲ್ಯೂ ಹಾಕಿಬಿಟ್ಟರೆ? ಪೋರ್ಟಲ್‌ನಲ್ಲಿ ಹಿಂದಿನ ಸಮಯ ಆರಿಸಿ ರಿಸ್ಟೋರ್ ಮಾಡಬಹುದು. ಫ್ರೀ ಪ್ಲಾನ್‌ನಲ್ಲಿ 7 ದಿನದ ಹಿಂದಿನವರೆಗೆ, ಸ್ಟ್ಯಾಂಡರ್ಡ್‌ನಲ್ಲಿ 30 ದಿನ. ರಿಸ್ಟೋರ್ ಆದ ಮೇಲೆ ಸೆಂಟಿನೆಲ್ ಇನ್ನೊಮ್ಮೆ ಬದಲಾಯಿಸುವುದನ್ನು ಮರೆಯಬೇಡಿ.