ಎಣ್ಣೆ ಹೊಡೆಯೋದು ಅಂದರೆ

ತೀರ್ಥಹಳ್ಳಿ ಗೆಳೆಯರು 'ಸಂಜೆ ಎಣ್ಣೆ ಹೊಡೆಯೋಣ ಬಾ' ಅಂದಿದ್ದಕ್ಕೆ ಅರ್ಥ ಕೇಳಿದ್ದೀರಲ್ಲ, ಅದು ಅಡುಗೆ ಎಣ್ಣೆ ಅಲ್ಲ ಮಾರಾಯ್ರೆ, ಮದ್ಯ. ವಿಸ್ಕಿ, ರಮ್, ಬ್ರಾಂದಿ ಎಲ್ಲಾ ಇದರಲ್ಲೇ ಬಂತು. ಎಣ್ಣೆ 'ಹಚ್ಚಿದರೆ' ತಲೆಗೆ, 'ಹೊಡೆದರೆ' ಹೊಟ್ಟೆಗೆ. 'ಹಾಕೋದು' ಅಂದಾಗ ಮಾತ್ರ ಸಂದರ್ಭ ನೋಡಬೇಕು, ಯಾಕಂದ್ರೆ ಒಗ್ಗರಣೆಗೂ ಎಣ್ಣೆ ಹಾಕುತ್ತಾರೆ, ಬಾರಲ್ಲಿ ಕೂತೂ ಹಾಕುತ್ತಾರೆ! 'ಗುಂಡು ಹಾಕೋದು' ಅಂದರೂ ಇದೇ. 'ನೈಂಟಿ', 'ಕ್ವಾರ್ಟರ್' ಅಂತ ಕೇಳಿಸಿದರೆ ಅದು 90, 180 ಎಂಎಲ್ ಲೆಕ್ಕ. ಓರಗೆಯವರ ಹತ್ತಿರ ಧಾರಾಳವಾಗಿ ಬಳಸಿ. ಮನೆಯ ಹಿರಿಯರ ಮುಂದೆ ಬೇಡ, ಅಲ್ಲಿ ಸುಮ್ನೆ 'ಅವನು ಕುಡಿಯುತ್ತಾನೆ' ಅಂದರೂ ಸಾಕು, ಏನು ಕುಡಿಯುತ್ತಾನೆ ಅಂತ ಯಾರೂ ಕೇಳುವುದಿಲ್ಲ. ನಿಮಗೆ ಅಭ್ಯಾಸ ಇಲ್ಲದಿದ್ದರೆ ಈಗಲೇ ಹೇಳಿಬಿಡಿ, ಆಮೇಲೆ ಒತ್ತಾಯ ಜಾಸ್ತಿ.