ನಲ್ಲೂರು ಹುಣಸೆ ತೋಪಿಗೆ ಹೋಗುವ ಮುಂಚೆ

ಸರ್, ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ, ಆ ಮರಗಳಿಗೆ ನಿಜಕ್ಕೂ ಎಷ್ಟು ವಯಸ್ಸು, ಅಲ್ಲಿಂದ ನಮ್ಮ ತೋಟಕ್ಕೆ ಕಸಿಕಡ್ಡಿ (ಕಸಿ ಕಟ್ಟಲು ಬೇಕಾದ ಎಳೆ ರೆಂಬೆ) ತರಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ ಬನ್ನಿ. ಕಡ್ಡಿ ಮಾತ್ರ ಮುರಿಯಬೇಡಿ.

ಬೆಂಗಳೂರಿನಿಂದ ಸುಮಾರು 45 ಕಿ.ಮೀ. ಆಗುತ್ತದೆ. ದೇವನಹಳ್ಳಿ ತಲುಪಿ ಸೂಲಿಬೆಲೆ ರಸ್ತೆ ಹಿಡಿಯಿರಿ. ನೀರು, ತಿಂಡಿ ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಮಕ್ಕಳಿಗೆ ಹಣ್ಣು ತುಂಬಿದ ಮರ ತೋರಿಸಬೇಕು ಅಂದರೆ ಜನವರಿಯಿಂದ ಮಾರ್ಚ್ ಸರಿಯಾದ ಸಮಯ. ಹೂ ನೋಡುವ ಆಸೆ ಇದ್ದರೆ ಮೇ, ಜೂನ್. ಹುಣಸೆ ಹೂವನ್ನು ಹತ್ತಿರದಿಂದ ನೋಡಿದವರು ಕಡಿಮೆ. ತಿಳಿ ಹಳದಿ ಎಸಳು, ಅದರ ಮೇಲೆ ಕೂದಲೆಳೆಯಂಥ ಕೆಂಪು ಗೆರೆ. ಮಳೆಗಾಲದಲ್ಲಿ ಹುಲ್ಲು, ಪೊದೆ ಎತ್ತರ ಬೆಳೆದಿರುತ್ತದೆ, ಕಾಲಿಗೆ ಬೂಟು ಇರಲಿ. ಪೊಟರೆಗಳಿಗೆ ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ, ಒಳಗೆ ಹಾವೂ ಇರಬಹುದು, ಗೂಬೆಯೂ ಇರಬಹುದು.

ಈಗ ವಯಸ್ಸಿನ ವಿಷಯ. ಸುಮಾರು 54 ಎಕರೆ ಜಾಗದಲ್ಲಿ 300ರಷ್ಟು ಹುಣಸೆ ಮರಗಳಿವೆ. ಚೋಳರ ಕಾಲದವು, 800 ವರ್ಷ ಹಳೆಯವು ಅಂತ ಜನ ಹೇಳುತ್ತಾರೆ. ಒಂದು ಮರದ ಕಾರ್ಬನ್ ಪರೀಕ್ಷೆಯಲ್ಲಿ ಸುಮಾರು 410 ವರ್ಷ ಅಂತ ಬಂದಿದೆ. ಹಾಗಾದರೆ ಜನ ಹೇಳುವುದು ಸುಳ್ಳಾ? ಅಷ್ಟು ಬೇಗ ತೀರ್ಮಾನ ಮಾಡುವ ಹಾಗಿಲ್ಲ. ಹಳೇ ಹುಣಸೆ ಮರದ ಒಳಗಿನ ಚೇಗು ಕೊಳೆತು ಟೊಳ್ಳಾಗಿಬಿಡುತ್ತದೆ. ಮರದ ಬಾಲ್ಯದ ಕಟ್ಟಿಗೆ ಇದ್ದದ್ದೇ ಆ ನಡುಭಾಗದಲ್ಲಿ. ಅದೇ ಇಲ್ಲದ ಮೇಲೆ ಪರೀಕ್ಷೆಗೆ ಸಿಗುವುದು ಆಮೇಲೆ ಬೆಳೆದ ಭಾಗ. ಅಂಥ ಮರದಲ್ಲಿ ಸಿಗುವ ಲೆಕ್ಕ ಕಡಿಮೆ ಅಂದರೆ ಇಷ್ಟು ಅಂತ ಹೇಳುತ್ತದೆ, ಜಾಸ್ತಿ ಎಷ್ಟು ಅಂತ ಹೇಳುವುದಿಲ್ಲ. ಇನ್ನೊಂದು ಕಡೆ, ಹೊಯ್ಸಳ ವಿಷ್ಣುವರ್ಧನ 1116ರ ಹೊತ್ತಿಗೆ ತಲಕಾಡನ್ನು ಗೆದ್ದು ದಕ್ಷಿಣ ಕರ್ನಾಟಕದ ಗಂಗವಾಡಿ ಸೀಮೆಯಿಂದ ಚೋಳರನ್ನು ಹೊರಗೆ ಹಾಕಿದ. ಚೋಳರೇ ನೆಟ್ಟದ್ದು ಅಂದರೆ 900 ವರ್ಷ ದಾಟಬೇಕು. ನನ್ನ ಮಟ್ಟಿಗೆ 410 ಗಟ್ಟಿ ಲೆಕ್ಕ, ಚೋಳರದ್ದು ಊರಿನ ನೆನಪು. ಮಕ್ಕಳಿಗೆ ಎರಡನ್ನೂ ಹೇಳಿ, ಯಾವುದು ಯಾವುದು ಅಂತ ಬಿಡಿಸಿ ಹೇಳಿ. 410 ವರ್ಷವೇ ಇಟ್ಟುಕೊಂಡರೂ, ಆ ಮರ ಮೊಳೆತಾಗ ಕೆಂಪೇಗೌಡರು ಬೆಂಗಳೂರು ಕಟ್ಟಿ ಇನ್ನೂ ನೂರು ವರ್ಷ ತುಂಬಿರಲಿಲ್ಲ.

ತೋಪಿನೊಳಗೆ ಹಳೇ ಚೆನ್ನಕೇಶವ ದೇವಸ್ಥಾನದ ಕಲ್ಲುಗಳಿವೆ. ಅದನ್ನೂ ನೋಡಿ. ಆದರೆ ಹೆಚ್ಚು ಹೊತ್ತು ಮರಗಳ ಬುಡದಲ್ಲೇ ಕಳೆಯಿರಿ. ನೆಟ್ಟಗೆ ನಿಂತ ಕಾಂಡ ಕಡಿಮೆ. ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿರುತ್ತವೆ. ತೊಗಟೆ ಬಿರುಕು ಬಿಟ್ಟು ಚೌಕ ಚೌಕವಾಗಿರುತ್ತದೆ. ಪೂರ್ತಿ ಟೊಳ್ಳಾಗಿ ಬರೀ ಗೋಡೆಯಷ್ಟೇ ಉಳಿದ ಕಾಂಡದ ಬುಡದಲ್ಲಿ, ಕಿರುಬೆರಳು ಗಾತ್ರದ ಹೊಸ ಚಿಗುರು ಎದ್ದಿರುತ್ತದೆ. ಮೇಲೆ ತೆಳು ಹಸಿರು ಎಲೆ, ತುದಿಯಲ್ಲಿ ಸ್ವಲ್ಪ ಕೆಂಪು. ಹಳೇ ಕಾಂಡ ಒಂದು ದಿನ ಬೀಳುತ್ತದೆ, ಈ ಚಿಗುರು ಮರವಾಗುತ್ತದೆ. ಬೇರು ಮಾತ್ರ ಹಳೆಯದೇ. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ ಅನ್ನುತ್ತೇವಲ್ಲ, ಇಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಕಸಿಕಡ್ಡಿ ಬೇಡ ಅಂದದ್ದು ಇದಕ್ಕೇ. ನಿಂತ ಕಡೆ ಕೈಗೆ ಸಿಗುವುದು ಬುಡದ ಈ ಚಿಗುರುಗಳೇ. ಬಂದವರೆಲ್ಲ ಒಂದೊಂದು ಮುರಿದರೆ ಮರಕ್ಕೆ ಉಳಿದಿರುವ ದಾರಿಯೇ ಹೋಗುತ್ತದೆ. ಮೇಲಾಗಿ ಇದು ಕಾನೂನಿನ ರಕ್ಷಣೆ ಇರುವ ಜಾಗ. 2007ರಲ್ಲಿ ಸರ್ಕಾರ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. ದೇಶದಲ್ಲೇ ಮೊದಲನೆಯದು ಇದು. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಇಂಥ ಘೋಷಣೆಗೆ ಮುಂಚೆ ಸ್ಥಳೀಯ ಸಂಸ್ಥೆಗಳನ್ನು ಕೇಳಬೇಕು. ಅಭಯಾರಣ್ಯಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು, ಇಲ್ಲಿ ಊರಿನವರನ್ನು ಹೊರಗಿಟ್ಟು ಕಾಪಾಡುವ ಲೆಕ್ಕಾಚಾರ ಇಲ್ಲ. ಪಕ್ಕದಲ್ಲೇ ವಿಮಾನ ನಿಲ್ದಾಣ, ಸುತ್ತ ಏರುತ್ತಿರುವ ಜಮೀನಿನ ಬೆಲೆ. ಇಂಥ ಕಡೆ 54 ಎಕರೆ ಮರ ನಿಂತಿರಬೇಕಾದರೆ ಕಾಗದದ ಜೊತೆ ಊರಿನವರೂ ಬೇಕು. ಅವರನ್ನು ಕಂಡರೆ ನಿಂತು ಮಾತಾಡಿಸಿ, ಕೇಳಿಕೊಂಡು ಒಳಗೆ ಹೋಗಿ.

ಬೀಜ ತಂದು ನೆಟ್ಟರಾಯ್ತು ಅಂತ ಅಂದುಕೊಂಡಿದ್ದರೆ ಅದೂ ಬೇಡ. ಹುಣಸೆಯಲ್ಲಿ ಪರಾಗ ಬೇರೆ ಮರದಿಂದ ಬರುವುದೇ ಜಾಸ್ತಿ, ತಾಯಿಮರದ ಗುಣ ಸಸಿಗೆ ಹಾಗೇ ಬರುವುದಿಲ್ಲ. ಬೀಜದ ಗಿಡ ಕಾಯಿ ಬಿಡಲು ಏಳೆಂಟು ವರ್ಷ ಕಾಯಬೇಕು. ಕಸಿ ಗಿಡವಾದರೆ ಮೂರು ನಾಲ್ಕು ವರ್ಷ ಸಾಕು. ತಮಿಳುನಾಡಿನ ಪೆರಿಯಕುಳಂನ ಪಿಕೆಎಂ-1 ಅನ್ನುವ ಹುಣಸೆ ತಳಿ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲೂ ಹುಣಸೆ ಕಸಿ ಗಿಡದ ಬಗ್ಗೆ ವಿಚಾರಿಸಿ. ಗಿಡದಿಂದ ಗಿಡಕ್ಕೆ 30 ಅಡಿಯಾದರೂ ಜಾಗ ಬಿಡಿ, ಬದುವಿನಲ್ಲಾದರೆ ಪಕ್ಕದ ಜಮೀನಿಗೆ ನೆರಳು ಬೀಳದ ಕಡೆ ನೋಡಿ.

ವಾಪಸ್ ಬರುವಾಗ ದೇವನಹಳ್ಳಿ ಕೋಟೆ ಸಿಗುತ್ತದೆ. ಹಣ್ಣಿನ ಕಾಲವಾದರೆ ದೇವನಹಳ್ಳಿ ಚಕ್ಕೋತ ಹುಡುಕಿ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿರುವ ತಳಿ ಅದು. ಅದರ ಗಿಡವನ್ನು ಮಾತ್ರ ಯಾವುದಾದರೂ ನರ್ಸರಿಯಲ್ಲಿ ಕೊಂಡು ತಂದು ನೆಡಿ.